ಕಾಲರಿನೊಳಗಿನ ಕಾರ್ಡು

ದರ್ಜಿಯ ಬಳಿ ಮಗಳ ಲಸಿಕೆ ಕಾರ್ಡು ಇರಲಿಲ್ಲ. ಧೈರ್ಯವೂ ಇರಲಿಲ್ಲ. ದಿನವಿಡೀ ಸೂಜಿ ಹಿಡಿದೇ ಬದುಕುವವನಿಗೆ ಸಿರಿಂಜಿನ ಸೂಜಿ ಕಂಡರೆ ಓಡಿಹೋಗುವಷ್ಟು ಭಯ. ಅದಕ್ಕೇ ಐದು ವರ್ಷದ ಮಗಳಿಗೆ ಬಾಕಿಯಿದ್ದ, ದಡಾರದ್ದೂ ಸೇರಿ ಎರಡು ಚುಚ್ಚುಮದ್ದುಗಳನ್ನು ಮುಂದಿನ ವಾರ, ಮುಂದಿನ ವಾರ ಎಂದು ವರ್ಷಗಟ್ಟಲೆ ತಳ್ಳಿದ್ದ.

ಈಗ ಬೀದಿಗೆ ದಡಾರ ಬಂದಿತ್ತು. ಮೊನ್ನೆ ಮೂಲೆಮನೆ, ನಿನ್ನೆ ಎದುರುಮನೆ. ಅಲ್ಲಿಯ ಮಗುವಿನ ಕೆಮ್ಮು ಹೊಲಿಗೆ ಯಂತ್ರದ ಸದ್ದನ್ನೂ ಮೀರಿ ಕೇಳಿಸುತ್ತಿತ್ತು. ಮಗಳ ಹಣೆ ಮುಟ್ಟಿ ಮುಟ್ಟಿ ದರ್ಜಿಯ ಅಂಗೈಯೇ ಬಿಸಿಯಾಗಿತ್ತು.

“ಇವತ್ತು ಹಾಕಿಸ್ಕೊಂಡು ಬರದೆ ಇದ್ರೆ ಮನೆಗೆ ಬರಬೇಡಿ,” ಎಂದು ಹೇಳಿ ಹೆಂಡತಿ ಕಾರ್ಖಾನೆಯ ಪಾಳಿಗೆ ಹೋದಳು.

ಮಗಳೊಡನೆ ಹೊರಟವನನ್ನು ಪಕ್ಕದಂಗಡಿಯ ಇಸ್ತ್ರಿಯಕ್ಕ ತಡೆದು, ಕಾರ್ಡೆಲ್ಲಿ ಎಂದು ಕೇಳಿದಳು. ಕಾಣಿಸುತ್ತಿಲ್ಲ ಎಂದಾಗ ಲೊಚಗುಟ್ಟಿದಳು.

“ಕಾರ್ಡಿಲ್ಲ ಅಂದ್ರೆ ಹುಟ್ಟಿದಾಗಿಂದ ಎಲ್ಲಾ ಮತ್ತೆ ಚುಚ್ತಾರಪ್ಪ. ಹನ್ನೆರಡು. ಒಂದೇ ದಿನ.”

ಮಗಳು ದರ್ಜಿಯ ಕಣ್ಣಿಗೆ ಗುಂಡುಸೂಜಿ ಚುಚ್ಚಿಡುವ ಪುಟ್ಟ ದಿಂಬಿನಂತೆ ಕಂಡಳು. ಅಂಗಡಿಯನ್ನೆಲ್ಲ ಜಾಲಾಡಿದ. ಆಗ ನೆನಪಾಯಿತು. ಹೋದ ತಿಂಗಳು ಕಾಲರು ಗಟ್ಟಿಯಾಗಿ ನಿಲ್ಲಲೆಂದು ಒಳಗೆ ಇಡುವ ಬಕ್ರಂ ಬಟ್ಟೆ ಮುಗಿದುಹೋಗಿ, ಕೈಗೆ ಸಿಕ್ಕ ಹಳದಿ ರಟ್ಟನ್ನು ಕತ್ತರಿಸಿ ಹೊಲಿದುಬಿಟ್ಟಿದ್ದ. ಕಾರ್ಡೂ ಹಳದಿಯೇ. ಆ ಅಂಗಿ ಅಂಚೆಯವರದು.

ಮಗಳನ್ನು ಹೆಗಲಿಗೇರಿಸಿಕೊಂಡು ಓಡಿದ. ನಾಲ್ಕನೇ ಬೀದಿಯಲ್ಲಿ ಅಂಚೆಯವರು ಅದೇ ಅಂಗಿಯಲ್ಲಿ ಸಿಕ್ಕರು. ಹೊಲಿಗೆಯಲ್ಲಿ ಸಣ್ಣ ತಪ್ಪಾಗಿದೆ, ಬಿಚ್ಚಿ ಕೊಡಿ ಎಂದು ಬೇಡಿಕೊಂಡ. ಅವರು ಬನಿಯನ್ನಿನಲ್ಲಿ ನಿಂತರು. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಜೇಬಿನ ಹಳೇ ಬ್ಲೇಡಿನಿಂದ ಹೊಲಿಗೆ ಬಿಚ್ಚುವ ಅವಸರದಲ್ಲಿ ಕಾಲರಿನ ಜೊತೆ ಹೆಬ್ಬೆರಳೂ ಸೀಳಿತು. ಒಳಗಿಂದ ಬಂದದ್ದು ನಾಲ್ಕು ಒಗೆತ ಕಂಡ ರಟ್ಟಿನ ಮುದ್ದೆ. ಒಂದಕ್ಷರ ಉಳಿದಿರಲಿಲ್ಲ.

“ನನ್ನ ಕುತ್ತಿಗೆಗೆ ರದ್ದಿ ಕಟ್ಟಿದ್ಯೇನಯ್ಯಾ?” ಎಂದರು ಅಂಚೆಯವರು. “ಇನ್ನು ನಿನ್ನ ಅಂಗಡಿ ಮೆಟ್ಟಿಲು ಹತ್ತಿದ್ರೆ ಕೇಳು.”

ಆಸ್ಪತ್ರೆಯ ಬಾಗಿಲಲ್ಲಿ ದರ್ಜಿಗೆ ಹಿಂತಿರುಗಿಬಿಡೋಣ ಎನಿಸಿತು. ಅಷ್ಟರಲ್ಲಿ ಎದುರುಮನೆಯ ಅಜ್ಜಿ ಮೊಮ್ಮಗುವನ್ನೆತ್ತಿಕೊಂಡು ವಾರ್ಡಿನ ಕಡೆ ಹೋದಳು. ಮಗುವಿನ ಮುಖವೆಲ್ಲ ಕೆಂಪಾಗಿತ್ತು, ಕಣ್ಣು ಬಿಡಲಾಗುತ್ತಿರಲಿಲ್ಲ. ದರ್ಜಿ ಸಾಲಿನಲ್ಲಿ ನಿಂತ.

ಮುದ್ದೆಯನ್ನು ಮೇಜಿನ ಮೇಲಿಟ್ಟು, ತೊದಲುತ್ತ ಎಲ್ಲ ಹೇಳಿದ. ಸಿಸ್ಟರ್ ಮಗಳ ಹುಟ್ಟಿದ ದಿನ ಕೇಳಿ ದಪ್ಪ ರಿಜಿಸ್ಟರ್ ತೆರೆದರು.

“ಎಲ್ಲಾ ಇಲ್ಲೇ ಬರ್ದಿದೆಯಲ್ಲಪ್ಪ. ಎರಡೇ ಬಾಕಿ. ಇದಕ್ಯಾಕೆ ಇಷ್ಟು ಪರದಾಡಿದ್ರಿ?”

ಮಗಳು ಎರಡು ತೋಳನ್ನೂ ಕೊಟ್ಟಳು. ಒಮ್ಮೆ ಮುಖ ಹಿಂಡಿದಳು, ಅಷ್ಟೆ. ಗೋಡೆ ನೋಡುತ್ತ ನಿಂತಿದ್ದ ದರ್ಜಿ ಉಸಿರು ಬಿಟ್ಟು, ಅವಳನ್ನು ಎತ್ತಿಕೊಳ್ಳಲು ಕೈ ಚಾಚಿದ. ಸಿಸ್ಟರ್ ಹೆಬ್ಬೆರಳು ಸೀಳಿದ ಆ ಕೈಯನ್ನೇ ಹಿಡಿದುಕೊಂಡರು.

“ಬ್ಲೇಡು ತುಕ್ಕು ಹಿಡಿದಿತ್ತಾ? ನೀವು ಚಿಕ್ಕಂದಿನಲ್ಲಿ ಧನುರ್ವಾಯು ಚುಚ್ಚುಮದ್ದು ಏನಾದ್ರೂ ಹಾಕಿಸ್ಕೊಂಡಿದ್ರಾ?”

ಅವನ ಅಪ್ಪನೂ ಮುಂದಿನ ವಾರ ಎನ್ನುವವನೇ ಆಗಿದ್ದ.

“ಹಾಗಾದ್ರೆ ನಿಮ್ದು ಮೊದಲಿಂದ ಶುರು. ಇವತ್ತೊಂದು, ಮುಂದಿನ ತಿಂಗಳು ಒಂದು, ಆಮೇಲೆ ಇನ್ನೊಂದು,” ಎನ್ನುತ್ತ ಸಿಸ್ಟರ್ ಅವನ ಹೆಸರಿಗೊಂದು ಹಳದಿ ಕಾರ್ಡು ಬರೆದರು.

“ಅಪ್ಪಾ, ಗೋಡೆ ನೋಡು,” ಎಂದಳು ಮಗಳು.

ಆ ದಿನ ದರ್ಜಿ ಕಳೆದುಕೊಂಡದ್ದು ಒಂದು ಕಾರ್ಡು, ಒಂದು ಕಾಲರು, ಒಬ್ಬ ಗಿರಾಕಿ, ಮತ್ತು ಸೂಜಿ ಕಂಡು ಬೆಂಚಿನ ಮೇಲೆ ಬಿದ್ದು ಕಾಲು ಗಂಟೆಯ ಪ್ರಜ್ಞೆ.