ವರನ ಹೆಸರಿನಲ್ಲೊಂದು ಖಾಲಿ ಚೌಕ

ಯಾರಿಗೂ ಓದಲು ಬಾರದ ಭಾಷೆಗಳನ್ನು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ತಪ್ಪುಗಳೇ ಇರುವುದಿಲ್ಲ, ಇರುವುದೆಲ್ಲ ಪ್ರಸಂಗಗಳು. ತೊಂಬತ್ತರ ದಶಕದಲ್ಲಿ, ಕೊಲ್ಲಿ ದೇಶವೊಂದರ ಅಲ್ ಮುಂತಜಾ ಬಡಾವಣೆಯ ಅಂಥದೊಂದು ಪ್ರೆಸ್ಸಿನಲ್ಲಿ ನಾನು ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುತ್ತಿದ್ದೆ. ಮಾಲೀಕರು ಮಂಗಳೂರು ಕಡೆಯ ಬ್ಯಾರಿಗಳು. ನನ್ನ ಎಂ.ಎ. ಪದವಿಯ ಮೇಲೆ ಅವರಿಗೆ ಅಪಾರ ಗೌರವ; ಆದ್ದರಿಂದಲೇ ಏಸಿ ಕೆಟ್ಟರೂ ನನ್ನನ್ನೇ ಕಾರಣ ಕೇಳುತ್ತಿದ್ದರು.

೧. ಹಂಚಿಕೆ

ಇಥಿಯೋಪಿಯಾದ ನರ್ಸೊಬ್ಬಳು ತನ್ನ ಮದುವೆಯ ಕಾರ್ಡು ಮಾಡಿಸಲು ಬಂದಳು. ಊರಲ್ಲಿದ್ದ ವರನ ಅಜ್ಜಿಗೆ ಅವರ ಗೀಝ್ ಲಿಪಿಯ ಹೊರತು ಬೇರೇನೂ ಓದಲು ಬಾರದು. ಇಂಗ್ಲಿಷ್ ಕಾರ್ಡು ಕಳಿಸಿದರೆ ಮದುವೆಗೇ ಬರುವುದಿಲ್ಲ ಎಂದಿದ್ದರಂತೆ. ಗುರುವಾರ ಸಂಜೆ ಊರಿಗೆ ಹೊರಡುವವರೊಬ್ಬರ ಕೈಯಲ್ಲಿ ಕಾರ್ಡುಗಳು ಹೋಗಲೇಬೇಕು. ಆ ಲಿಪಿಯ ಫಾಂಟನ್ನು ಫ್ಲಾಪಿಯಲ್ಲಿ ಅವಳೇ ತಂದಿದ್ದಳು.

ಅಕ್ಷರಗಳೆಷ್ಟು ಎಂದು ಮಾಲೀಕರು ವಿಚಾರಿಸಿದರು. ನಮ್ಮ ಕಾಗುಣಿತದಂತೆ ಒಂದೊಂದಕ್ಕೂ ಏಳು ರೂಪ, ಒಟ್ಟು ಇನ್ನೂರಕ್ಕೂ ಮಿಕ್ಕಿ ಎಂದು ತಿಳಿಯಿತು. ಕಾರ್ಡುಗಳೆಷ್ಟು ಎಂದರು. ನೂರು ಎಂದಳು. ನನ್ನನ್ನು ಬಾಯಮ್ಮ ಎಂದೇ ಕರೆಯುತ್ತಿದ್ದ ಮಾಲೀಕರು ನನ್ನತ್ತ ತಿರುಗಿದರು.

"ನೋಡಿ ಬಾಯಮ್ಮ, ಕಾರ್ಡಿಗೆ ಎರಡೆರಡು ಅಕ್ಷರ ಹಂಚಿದರೂ ಮಿಗ್ತದೆ."

೨. ಚಿಕಿತ್ಸೆ

ಮಿಗಲಿಲ್ಲ, ಒಂದು ಕಡಿಮೆಯಾಯಿತು. ವರನ ಹೆಸರು ಪೆಟ್ರೋಸ್. ಅದರ ಮೊದಲ ಅಕ್ಷರ ಅವರಲ್ಲಿ ಅಪರೂಪದ್ದು. ಅದು ಬರಬೇಕಾದಲ್ಲೆಲ್ಲ ತೆರೆಯ ಮೇಲೆ ಖಾಲಿ ಚೌಕವೊಂದು ಮೂಡುತ್ತಿತ್ತು.

ಕೇರಳದ ಕಂಪ್ಯೂಟರ್ ಮೆಕ್ಯಾನಿಕ್ ಬಂದು ಯಂತ್ರವನ್ನು ಮೂರು ಸಲ ಆಫ್ ಮಾಡಿ ಆನ್ ಮಾಡಿದ. ಅವನ ವೈದ್ಯಶಾಸ್ತ್ರದಲ್ಲಿದ್ದುದು ಅದೊಂದೇ ಔಷಧ. ಬಳಿಕ, ಫಾಂಟ್ ರಚಿಸಿದವರು ಜಾಗ ಸಾಲದೆ ಆ ಅಕ್ಷರವನ್ನೇ ಕೈಬಿಟ್ಟಿದ್ದಾರೆಂದು ಗಂಭೀರವಾಗಿ ಘೋಷಿಸಿದ. ವಧುವಿನ ಮುಖ ಬಾಡಿತು. ಅಜ್ಜಿ ತಾವೇ ಇಟ್ಟ ಹೆಸರಂತೆ ಅದು.

ಮಾಲೀಕರು ಕ್ಷಣಕಾಲ ಚಿಂತಿಸಿ, ಅತ್ಯಂತ ಅನುಕಂಪದಿಂದ ನುಡಿದರು: "ಹುಡುಗನನ್ನು ಬದಲಾಯಿಸ್ಲಿಕ್ಕೆ ಇನ್ನೂ ಟೈಮುಂಟಲ್ಲ?"

ಪುಣ್ಯಕ್ಕೆ ಕನ್ನಡದಲ್ಲಿ ಹೇಳಿದರು. ವಧು ಅವರಿಗೆ ಧನ್ಯವಾದ ತಿಳಿಸಿದಳು.

೩. ಸೀಲು

ಅಚ್ಚಿನ ಪ್ಲೇಟು ಮಾಡುವವರು ಚೌಕವನ್ನು ತೆಗೆದು ಜಾಗ ಖಾಲಿ ಬಿಡಬೇಕು, ಅಕ್ಷರವನ್ನು ವಧುವೇ ಕೈಯಲ್ಲಿ ಬರೆಯುತ್ತಾಳೆ ಎಂದು ಕರಡಿನ ಮೇಲೆ ಕೆಂಪು ಶಾಯಿಯಲ್ಲಿ ಸೂಚಿಸಿದೆ. ಆದರೆ ನಮ್ಮಲ್ಲೊಂದು ಕಟ್ಟುನಿಟ್ಟಾದ ನಿಯಮವಿತ್ತು: ಯಾವ ಭಾಷೆಯ ಕರಡಾದರೂ ಮಾಲೀಕರು ಪರಿಶೀಲಿಸಿ ಸೀಲು ಒತ್ತಬೇಕು. ಓದಲು ಬಾರದ ಕಾರಣ ಅವರ ಪರಿಶೀಲನೆ ಸಂಪೂರ್ಣ ನಿಷ್ಪಕ್ಷಪಾತವಾಗಿರುತ್ತಿತ್ತು.

ಗುರುವಾರ ಮಧ್ಯಾಹ್ನ ಕಾರ್ಡುಗಳು ಅಚ್ಚಾಗಿ ಬಂದವು. ನೂರು ಕಾರ್ಡಿನಲ್ಲೂ ವರನ ಹೆಸರಿನ ತಲೆಯಲ್ಲಿ ಚೌಕ ಠೀವಿಯಿಂದ ಕೂತಿತ್ತು. ಮಾಲೀಕರು ನನ್ನ ಸೂಚನೆಯನ್ನು ಹೊಡೆದುಹಾಕಿ ಸೀಲು ಒತ್ತಿದ್ದರು. ಏಕೆಂದು ಕೇಳಿದೆ.

"ಇಡೀ ಕಾರ್ಡಿನಲ್ಲಿ ನನಗೆ ಗುರುತು ಸಿಕ್ಕಿದ್ದು ಅದೊಂದೇ ಅಕ್ಷರ, ಬಾಯಮ್ಮ. ಅದನ್ನೂ ತೆಗೆಯುವುದಾ?"

ಮತ್ತೆ ಅಚ್ಚು ಹಾಕಲು ಸಮಯವಿರಲಿಲ್ಲ. ವಧು ಕಣ್ಣೊರೆಸಿಕೊಂಡು ಪೆನ್ನು ಕೇಳಿದಳು. ಒಂದೊಂದೇ ಚೌಕದೊಳಗೆ ಆ ಅಕ್ಷರವನ್ನು ಬರೆದಳು. ನಾನು ಸ್ನಾತಕೋತ್ತರ ಪದವೀಧರೆ, ಪಕ್ಕದಲ್ಲಿ ಕೂತು ಶಾಯಿ ಒಣಗಲೆಂದು ನೂರು ಬಾರಿ ಉಫ್ ಎಂದೆ.

೪. ಫ್ಯಾಶನ್

ಅಜ್ಜಿ ಮದುವೆಗೆ ಬಂದರು. ಬಂದದ್ದಷ್ಟೇ ಅಲ್ಲ, ತಾವಿಟ್ಟ ಹೆಸರಿಗೆ ಚೌಕಟ್ಟು ಹಾಕಿಸಿ, ಒಳಗೆ ಕೈಬರಹದಲ್ಲಿ ಅಕ್ಷರ ಬರೆದ ಸೊಸೆ ಇಡೀ ಬಂಧುಬಳಗದಲ್ಲಿ ಇನ್ನೊಬ್ಬಳಿಲ್ಲ ಎಂದು ಎಲ್ಲರಿಗೂ ಕಾರ್ಡು ತೋರಿಸಿದರಂತೆ.

ತಿಂಗಳೊಳಗೆ ಅದೇ ಆಸ್ಪತ್ರೆಯ ಇನ್ನೊಬ್ಬ ಇಥಿಯೋಪಿಯಾದ ನರ್ಸು ಬಂದಳು. ತನ್ನ ವರನ ಹೆಸರಿಗೂ ಅಂಥದೇ ಚೌಕ ಬೇಕೆಂದಳು. ಮಾಲೀಕರು ಎದೆ ಮುಟ್ಟಿಕೊಂಡು ಒಪ್ಪಿದರು. ಆದರೆ ಈ ವರನ ಹೆಸರಿನ ಅಕ್ಷರಗಳೆಲ್ಲ ಫಾಂಟಿನಲ್ಲಿದ್ದವು.

ಮರುದಿನ ನಾನು ಪ್ರೆಸ್ಸಿಗೆ ಬಂದಾಗ ಮೆಕ್ಯಾನಿಕ್ ಬೆವರುತ್ತ ಮೂರನೆಯ ಸಲ ಯಂತ್ರ ಆನ್ ಮಾಡುತ್ತಿದ್ದ. ಮಾಲೀಕರು ಬಾಗಿಲಲ್ಲೇ ನನ್ನನ್ನು ತಡೆದರು.

"ಖಲಾಸ್, ಬಾಯಮ್ಮ. ಕಂಪ್ಯೂಟರ್ ಹಾಳಾಯ್ತು. ಎಲ್ಲಾ ಅಕ್ಷರ ಸರಿಯಾಗಿ ಬರ್ತಾ ಉಂಟು."