ಯಾರೂ ನೋಡಂಗಿಲ್ಲ, ಬರ್ರಿ

ನೀರಾಟದ ಪಾರ್ಕಿನಲ್ಲಿ ನನಗೆ ಕೆಲಸ ಎಂದು ಹೇಳಿದ ಕೂಡಲೇ ಕೇಳಿದವರ ಮುಖದಲ್ಲಿ ಒಂದು ನಗು ಮೂಡುತ್ತದೆ. ಆ ನಗುವಿನ ಅರ್ಥ ನನಗೆ ಚೆನ್ನಾಗಿ ಗೊತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವವರು ದಿನವಿಡೀ ನೋಟಿನ ರಾಶಿಯ ಮೇಲೆ ಹೊರಳಾಡುತ್ತಾರೆಂದು ಯಾರೂ ತಿಳಿಯುವುದಿಲ್ಲ. ಆದರೆ ನಾನು ಮಾತ್ರ ಬೆಳಿಗ್ಗೆ ನೀರಿಗೆ ಬಿದ್ದು, ಸಂಜೆ ಎದ್ದು, ಮೈ ಒರೆಸಿಕೊಂಡು, ತಿಂಗಳಾದರೆ ಸಂಬಳ ತರುತ್ತೇನೆಂದು ಮಕ್ತಲ್‌ನ ನಮ್ಮ ಓಣಿಯವರೆಲ್ಲ ನಂಬಿದ್ದಾರೆ. ಹಾಲು ಹಾಕುವವಳು "ನಿಮ್ಮದೇನ್ರಿ ಅಕ್ಕಾ, ಪುಣ್ಯದ ನೌಕರಿ, ಬ್ಯಾಸಿಗ್ಯಾಗ ತಣ್ಣಗ ಇರ್ತೀರಿ" ಎನ್ನುತ್ತಾಳೆ. ಗಟ್ಟುವಿನಲ್ಲಿರುವ ನಮ್ಮ ದೊಡ್ಡಮ್ಮ ಫೋನು ಮಾಡಿದಾಗಲೆಲ್ಲ "ನೆಗಡಿ ಗಿಗಡಿ ಬಂದೈತೇನವಾ?" ಎಂದು ವಿಚಾರಿಸುತ್ತಾಳೆ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ: ಕೆಲಸಕ್ಕೆ ಸೇರಿ ವರ್ಷಗಳು ಕಳೆದರೂ ನಾನು ಒಂದು ಸಲವೂ ಆ ನೀರಿಗೆ ಇಳಿದಿರಲಿಲ್ಲ. ನೆಲ ಒರೆಸುವವಳು ಬಕೆಟ್ ಉರುಳಿಸಿದ ದಿನ ಪಾದ ಒದ್ದೆಯಾಗುತ್ತಿತ್ತು, ಅಷ್ಟೇ.

ನನ್ನದು ಕಾಸ್ಟ್ಯೂಮ್ ಕೌಂಟರು. ಪಾರ್ಕು ಇರುವುದು ಮಕ್ತಲ್‌ನಿಂದ ನಾರಾಯಣಪೇಟೆಗೆ ಹೋಗುವ ರಸ್ತೆಯ ಬದಿಗೆ. ಅಲ್ಲಿ ಸೀರೆ, ಧೋತರ, ಚೂಡಿದಾರ ಯಾವುದನ್ನೂ ಉಟ್ಟುಕೊಂಡು ನೀರಿಗಿಳಿಯುವ ಹಾಗಿಲ್ಲ. ಮೊಣಕಾಲಿನವರೆಗಿನ ನೈಲಾನ್ ಚಡ್ಡಿ, ಅರ್ಧ ತೋಳಿನ ನೈಲಾನ್ ಅಂಗಿ ಬಾಡಿಗೆಗೆ ಪಡೆಯಬೇಕು. ಕೂದಲು ಹೋಗಿ ಮೋಟಾರಿನ ಜಾಳಿಗೆಗೆ ಸಿಕ್ಕಿಕೊಳ್ಳುತ್ತದೆಂದು ತಲೆಗೊಂದು ಟೊಪ್ಪಿಗೆ ಬೇರೆ. ಹೆಂಗಸರ ಕಡೆ ಇವನ್ನೆಲ್ಲ ಕೊಡುವುದು, ಒಗೆಯಲು ಹಾಕುವುದು, ಒಣಗಿದ್ದನ್ನು ಅಳತೆಯ ಪ್ರಕಾರ ಮಡಚಿಡುವುದು ನನ್ನ ಜವಾಬ್ದಾರಿ. ನಮ್ಮ ಮ್ಯಾನೇಜರು ಅಲಂಪುರದ ಕಡೆಯವರು. ಕನ್ನಡ ಮಾತಾಡುತ್ತಾರೆ, ಆದರೆ ಕಾನೂನು ಮಾತ್ರ ತೆಲುಗಿನಲ್ಲೇ ಹೇಳುತ್ತಾರೆ: "ಶಾಂತಮ್ಮಾ, ರೂಲ್ ಅಂಟೇ ರೂಲೇ."

ಆ ರೂಲನ್ನು ನಮ್ಮ ಕಡೆಯ ಹೆಂಗಸರಿಗೆ ಒಪ್ಪಿಸುವುದಿದೆಯಲ್ಲ, ಅದೊಂದು ದೊಡ್ಡ ಪಂಚಾಯ್ತಿ. ಗದ್ವಾಲಿನಿಂದ ಬಂದ ಒಬ್ಬಾಕೆ ಎಲ್ಲದಕ್ಕೂ ತಲೆಯಾಡಿಸಿ ಒಳಗೆ ಹೋದಳು. ಹೊರಗೆ ಬಂದಾಗ ನೋಡಿದರೆ ಸೀರೆಯ ಮೇಲೆಯೇ ಚಡ್ಡಿ ಏರಿಸಿಕೊಂಡು, ಹತ್ತಿ ತುಂಬಿದ ಚೀಲದ ಹಾಗೆ ಬಾಗಿಲಲ್ಲಿ ಸಿಕ್ಕಿಕೊಂಡಿದ್ದಳು. ಇಟಿಕ್ಯಾಲದ ಮತ್ತೊಬ್ಬಾಕೆ ತನ್ನ ನಾರಾಯಣಪೇಟೆ ಸೀರೆಯನ್ನು ಬಿಚ್ಚಿ ನನ್ನ ಕೈಗೆ ಕೊಡುವಾಗ, ಮಗಳನ್ನು ಗಂಡನ ಮನೆಗೆ ಕಳಿಸುವಷ್ಟು ಹೊತ್ತು ಮಾಡಿದಳು. "ಇದು ನನ್ನ ಮದುವಿ ಸೀರಿ ಐತ್ರಿ. ಎಲ್ಲಾರ ಸೀರಿ ಜೋಡಿ ಇಡಬ್ಯಾಡ್ರಿ" ಎಂದು ಅರ್ಧ ದಾರಿಯಿಂದ ವಾಪಸು ಬಂದು ಮತ್ತೆ ಹೇಳಿದಳು. ಇವರಿಗೆಲ್ಲ ಹೇಳಲು ನನ್ನಲ್ಲೊಂದು ಭಾಷಣ ಸಿದ್ಧವಿದೆ. ತುಸು ಮುಂದೆ ಬಾಗಿ, ಮನೆಯವಳ ಹಾಗೆ ದನಿ ತಗ್ಗಿಸಿ ಹೇಳುತ್ತೇನೆ: "ಅಕ್ಕಾ, ನಾಚಿಕಿ ಯಾಕ್ರಿ? ಒಳಗ ಯಾರೂ ನಿಮ್ಮನ್ನ ನೋಡಂಗಿಲ್ಲ, ಬರ್ರಿ. ನೀರಿಗೆ ಇಳಿದ ಮ್ಯಾಲ ಎಲ್ಲಾರಿಗೂ ಅವರವರ ಉಸಿರಿನ ಚಿಂತಿ." ಈ ಮಾತನ್ನು ನಾನು ಎಷ್ಟು ನಂಬಿಕೆಯಿಂದ ಹೇಳುತ್ತೇನೆಂದರೆ, ಹತ್ತರಲ್ಲಿ ಎಂಟು ಜನ ಅಲ್ಲೇ ಕರಗಿಬಿಡುತ್ತಾರೆ.

ಈ ಕೆಲಸದಿಂದ ನನಗೆ ಅಂಟಿದ ರೋಗವೊಂದಿದೆ. ಯಾರನ್ನೇ ಕಂಡರೂ ಮೊದಲು ಅಳತೆ ಕಾಣುತ್ತದೆ. ಮಂಗಳವಾರ ನನಗೆ ವಾರದ ರಜೆ. ಅದನ್ನು ಬದಲಿಸಿಕೊಂಡು ಮದುವೆಗೆ ಹೋದರೆ, ಅಕ್ಷತೆ ಕೈಯಲ್ಲಿ ಹಿಡಿದುಕೊಂಡು ಮದುಮಗಳ ಮುಖ ನೋಡುವ ಮೊದಲೇ "ಮೀಡಿಯಂ" ಎಂದು ಮನಸ್ಸು ಬರೆದುಕೊಂಡುಬಿಡುತ್ತದೆ. ಬೀಗಿತ್ತಿಯ ಹತ್ತಿರ ಯೋಗಕ್ಷೇಮ ಮಾತಾಡುತ್ತಾ ಇವರಿಗೆ ಡಬಲ್ ಎಕ್ಸೆಲ್ ಕೂಡ ಬಿಗಿಯಾದೀತು ಎಂದು ಚಿಂತೆ ಮಾಡಿದ್ದೇನೆ. ಮನೆಯಲ್ಲಿ ಒಗೆದ ಬಟ್ಟೆಯನ್ನೂ ಅಳತೆಯ ಪ್ರಕಾರ ಅಟ್ಟಿ ಹಾಕುತ್ತೇನೆ. ಶೇರ್ ಆಟೋ ಓಡಿಸುವ ನನ್ನ ಗಂಡ ನಿಂಗಪ್ಪ ತನ್ನ ಅಂಗಿ ಹುಡುಕುತ್ತಾ "ನಿನ್ನ ಕೌಂಟರ್‌ನ್ಯಾಗ ನಂದು ಯಾವ ಖಾನೇದಾಗ ಐತಿ?" ಎಂದು ಕೇಳುತ್ತಾನೆ. ನನ್ನ ಕಣ್ಣಂದಾಜು ಇದುವರೆಗೆ ತಪ್ಪಿಲ್ಲ ಎಂಬುದು ನನ್ನ ದೊಡ್ಡ ಹೆಮ್ಮೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಹೋಗುವುದು ಇಲ್ಲೇ.

ಇಷ್ಟೆಲ್ಲ ಮಾತಾಡುವ ನಾನು ಯಾಕೆ ನೀರಿಗೆ ಇಳಿದಿರಲಿಲ್ಲ? ಆಸೆ ಇತ್ತು. ಅಲೆಯ ಕೊಳದಲ್ಲಿ ಸೈರನ್ ಕೂಗಿ ನೀರು ಎದ್ದಾಗ ಒಳಗಿನಿಂದ ಬರುವ ಕೇಕೆ ಕೇಳಿ ಎಷ್ಟೋ ಮಧ್ಯಾಹ್ನ ಹೊಟ್ಟೆ ಉರಿದದ್ದುಂಟು. ಆದರೆ ಆ ಚಡ್ಡಿ! ಅದನ್ನು ನಾನು ಹಾಕಿಕೊಂಡು ನಾಲ್ಕು ಜನರ ಮುಂದೆ ನಡೆಯುವುದೆಂದರೆ ಜೀವ ಹೋದ ಹಾಗಾಗುತ್ತಿತ್ತು. ನನ್ನ ಭಾಷಣ ಊರಿಗೆಲ್ಲ ನಾಟುತ್ತಿತ್ತು, ನನಗೊಬ್ಬಳಿಗೆ ನಾಟುತ್ತಿರಲಿಲ್ಲ.

ಹೀಗಿರುವಾಗ ಬಂತು ನಮ್ಮ ಅತ್ತೆ ಮಾಳಮ್ಮನವರ ಸರದಿ. ಪಾರ್ಕಿನ ಕೆಲಸದವರ ಮನೆಮಂದಿಗೆ ವರ್ಷಕ್ಕೊಂದು ಸಲ ಪುಕ್ಕಟೆ ಪ್ರವೇಶ. ಶನಿವಾರ, ಆದಿತ್ಯವಾರ ಮಾತ್ರ ಇಲ್ಲ. ಅತ್ತೆಯೂ ಆದಿತ್ಯವಾರ ಕದಲುವವರಲ್ಲ, ಅದು ಮನೆದೇವರು ಮೈಲಾರನ ವಾರ. ಹಾಗಾಗಿ ನನ್ನ ರಜೆಯ ಮಂಗಳವಾರವೇ ಗಟ್ಟಿಯಾಯಿತು. ಅದರ ಹಿಂದಿನ ಬುಧವಾರ ಸಂಜೆ ನಾನು ರೊಟ್ಟಿ ಬಡಿಯುತ್ತಾ, ಡ್ರೆಸ್ಸಿನ ವಿಷಯವನ್ನು ಆದಷ್ಟು ಮೆತ್ತಗೆ ತೆಗೆದೆ. ಅತ್ತೆ ಉಣ್ಣುವುದನ್ನು ನಿಲ್ಲಿಸಿದರು.

"ಚಡ್ಡಿ?" ಎಂದರು.

"ಮೊಣಕಾಲ ತನಕ ಇರ್ತೈತ್ರಿ ಅತ್ತಿ. ಎಲ್ಲಾರೂ ಹಾಕ್ಕಂತಾರ. ಯಾರೂ ನೋಡಂಗಿಲ್ರಿ."

"ನೀ ಹಾಕ್ಕಂಡೀಯೇನು?"

ಹೆಂಚಿನ ಮೇಲಿನ ರೊಟ್ಟಿ ಉಬ್ಬಿತು, ನಾನು ತಿರುವಿ ಹಾಕಿದೆ. ಗಂಡ ನಗತೊಡಗಿದ. ಅತ್ತೆ ಮತ್ತೊಂದು ತುತ್ತು ಮುರಿಯುತ್ತಾ ತೀರ್ಪು ಕೊಟ್ಟರು: "ನಾ ಹಾಕ್ಕಂಡ್ರ ನೀನೂ ಹಾಕ್ಕಬೇಕು. ಒಪ್ಪಿಗಿ ಐತೇನು?"

ನಾನು ಒಂದು ಕ್ಷಣವೂ ಯೋಚಿಸದೆ ಒಪ್ಪಿಕೊಂಡೆ. ಯಾಕೆಂದರೆ ನಮ್ಮ ಅತ್ತೆಯ ತಲೆಯಿಂದ ಸೆರಗು ಜಾರಿದ್ದನ್ನು ಈ ಮನೆಗೆ ಬಂದಾಗಿನಿಂದ ನಾನು ಕಂಡಿಲ್ಲ. ಬಿರುಗಾಳಿ ಬಂದರೂ ಮೊದಲು ಸೆರಗು ಹಿಡಿದು ಆಮೇಲೆ ಮಾಳಿಗೆಯ ಹಪ್ಪಳ ಹಿಡಿಯುವವರು. ಇಂಥವರು ನೈಲಾನ್ ಹಾಕುತ್ತಾರೆಯೇ? ನನ್ನ ಮಾನಕ್ಕೆ ಬೇಲಿ ಹಾಕಿದ ಹಾಗಾಯಿತೆಂದು ಸಮಾಧಾನದಿಂದ ಉಂಡು ಮಲಗಿದೆ.

ಆದರೂ ವಾರವಿಡೀ ಒಳಗೊಳಗೇ ಒಂದು ಕೊರೆತ. ಗುರುವಾರ ಶಾಲೆಯ ಮಕ್ಕಳು ಬಂದರು. ಅವರ ಟೀಚರಿಗೆ ಭಾಷಣ ಹೇಳುತ್ತಾ "ಯಾರೂ ನೋಡಂಗಿಲ್ಲ" ಎನ್ನುವಲ್ಲಿ ಮುಂದಿನ ಮಾತೇ ಮರೆತೆ. ಆದಿತ್ಯವಾರದ ಗದ್ದಲದಲ್ಲಿ ಸ್ಮಾಲ್ ಕೇಳಿದವರಿಗೆ ಲಾರ್ಜ್ ಕೊಟ್ಟೆ. ಸೋಮವಾರ ತಂತಿಯ ತುಂಬ ಒಣಗಲು ಹಾಕಿದ ನೀಲಿ ಚಡ್ಡಿಗಳು ಗಾಳಿಗೆ ಕಾಲಾಡಿಸುತ್ತಿದ್ದವು. ಅವು ನನ್ನನ್ನೇ ನೋಡಿ ನಗುತ್ತಿವೆ ಎನಿಸಿತು.

ಮಂಗಳವಾರ ಗಂಡ ತನ್ನ ಆಟೋದಲ್ಲೇ ನಮ್ಮನ್ನು ತಂದಿಳಿಸಿ, ಗಂಡಸರ ಕಡೆ ಹೋಗಿ ಮಾಯವಾದ. ನನ್ನ ರಜೆಯ ದಿನ ಕೌಂಟರಿಗೆ ಕೂರುವವಳು ಟಿಕೆಟ್ ಕೊಡುವ ಯಶೋದಾ. ನನ್ನನ್ನು ಕಂಡದ್ದೇ ತಡ, "ಅಕ್ಕಾ ಬಂದ್ರಲ್ಲ, ಒಂದೀಟು ನೋಡ್ಕೊಳ್ರಿ, ಚಾ ಕುಡದು ಬರ್ತೀನಿ" ಎಂದು ಹೋದಳು. ಹೀಗೆ ರಜೆಯ ದಿನವೂ ನಾನು ನನ್ನ ಕುರ್ಚಿಯಲ್ಲೇ ಕೂತೆ. ಎದುರಿಗೆ ಗಿರಾಕಿಯಾಗಿ ನಮ್ಮ ಅತ್ತೆ: ಕೆಂಪು ಅಂಚಿನ ಸೀರೆ, ತಲೆಯ ಮೇಲೆ ಸೆರಗು, ಹಣೆಗೆ ಮೈಲಾರನ ಭಂಡಾರದ ಅರಿಶಿನ.

ಕರ್ತವ್ಯ ಬಿಡುವಂತಿಲ್ಲ. ಭಾಷಣವನ್ನು ಪೂರ್ತಿ ಹೇಳಿದೆ, ಉಸಿರಿನ ಚಿಂತೆಯವರೆಗೆ. ಚಡ್ಡಿ, ಅಂಗಿ ಮುಂದಿಟ್ಟೆ. ಅತ್ತೆ ಅವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಕೆಳಗಿಟ್ಟರು. ನನ್ನ ಎದೆ ಹಗುರಾಯಿತು. ಅಭ್ಯಾಸಬಲದಿಂದ ಕೊನೆಗೆ ಕೆಂಪು ಟೊಪ್ಪಿಗೆಯನ್ನೂ ಅದರ ಮೇಲಿಟ್ಟೆ.

"ಇದೇನು?"

"ತಲೀಗಿ ಹಾಕ್ಕಳಾದ್ರಿ. ಇದಿಲ್ಲದ ನೀರಾಗ ಬಿಡಂಗಿಲ್ಲ. ರೂಲ್ ಐತಿ."

ಅತ್ತೆಯ ಮುಖವೇ ಬದಲಾಯಿತು. "ಹೆಂಗಸರೆಲ್ಲಾರೂ ತಲಿ ಮುಚ್ಚಬೇಕೇನು? ಹಂಗಂತ ರೂಲ್ ಮಾಡ್ಯಾರ?"

"ಹೌದ್ರಿ."

"ಮತ್ತ ಮದ್ಲ ಯಾಕ ಹೇಳ್ಲಿಲ್ಲ? ಒಂದು ವಾರದಿಂದ ಚಡ್ಡಿ ಚಡ್ಡಿ ಅಂತ ನನ್ನ ಜೀವ ತಿಂದಿ. ಬರಿ ತಲೀಲೆ ಮಂದಿ ಮುಂದ ಹೆಂಗ ನಿಂದ್ರಬೇಕು ಅಂತ ನಾ ಪರೇಶಾನ್ ಆಗಿದ್ದೆ."

"ಮತ್ತ ಕಾಲು, ಅತ್ತಿ?" ಎಂದೆ, ಮುಳುಗುವವಳ ದನಿಯಲ್ಲಿ.

"ಕಾಲಿಗೇನಾಗೈತಿ? ಉಣ್ಣಿ ಕತ್ತರಸೋ ಮುಂದ ಕುರಿ ಮೈ ತೊಳ್ಯಾಕ ಹೊಳಿಗಿ ಇಳಿತಿದ್ವಿ. ಸೀರಿ ಕಚ್ಚಿ ಹಾಕಿದ್ರ ಇದಕ್ಕಿಂತ ಮ್ಯಾಲ ಇರ್ತಿತ್ತು. ಕಾಲು ಯಾರ ಕಂಡಿಲ್ಲ? ತಗಿ ಇತ್ತಾಗ."

ಇಷ್ಟು ವರ್ಷ ನಾನು ಹೆಂಗಸರಿಗೆ ಕಾಲಿನ ಬಗ್ಗೆ ಧೈರ್ಯ ಹೇಳುತ್ತಾ ಬಂದಿದ್ದೆ. ಅವರಲ್ಲಿ ಎಷ್ಟು ಜನರ ಚಿಂತೆ ತಲೆಯದಾಗಿತ್ತೋ, ದೇವರಿಗೇ ಗೊತ್ತು.

ಅತ್ತೆ ಹೊರಗೆ ಬಂದಾಗ ನೀಲಿ ನೈಲಾನ್, ಕೆಂಪು ಟೊಪ್ಪಿಗೆ, ಕಾಲಲ್ಲಿ ಬೆಳ್ಳಿ ಕಡಗ, ಹಣೆಯಲ್ಲಿ ಹಾಗೇ ಉಳಿದ ಭಂಡಾರ. ಕೊಳದ ಅಂಚಿನಲ್ಲಿ ಕೂತು ಒಂದು ಚಿಟಿಕೆ ಅರಿಶಿನ ಇಟ್ಟು, ಗಂಗವ್ವನಿಗೆ ಕೈ ಮುಗಿದು, ಹೊಳೆಗೆ ಇಳಿದ ಹಾಗೆಯೇ ಅಡ್ಡಡ್ಡವಾಗಿ ಕಾಲಿಡುತ್ತಾ ಇಳಿದರು. ಸೈರನ್ ಕೂಗಿತು, ಅಲೆ ಎದ್ದಿತು. ಕಾಲೇಜು ಹುಡುಗಿಯರು ಚೀರುತ್ತಾ ದಡಕ್ಕೆ ಓಡಿ ಬಂದರು. ನಮ್ಮ ಅತ್ತೆ ಮಾತ್ರ ಎದೆಮಟ್ಟದ ನೀರಿನಲ್ಲಿ ಅಲೆಗೆ ಭುಜ ಕೊಟ್ಟು ನಿಂತು, ತುಂಟ ಟಗರನ್ನು ಬೈಯುವ ಹಾಗೆ ನೀರನ್ನೇ ಬೈಯುತ್ತಾ ನಗುತ್ತಿದ್ದರು. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ನೋಡಿರಲಿಲ್ಲ. ಕೌಂಟರಿನ ಕಿಟಕಿಯಿಂದ ನೋಡುತ್ತಾ ನನಗೆ ಖುಷಿಯೂ ಆಯಿತು, ಭಯವೂ ಆಯಿತು. ಪಂಥದ ಮಾತು ಅವರು ಮರೆಯುವವರಲ್ಲ.

ಮರೆಯಲಿಲ್ಲ. ಅಲೆ ನಿಂತ ಮೇಲೆ ನೀರು ಸುರಿಸುತ್ತಾ ಬಂದು ಕೌಂಟರಿನ ಮುಂದೆ ನಿಂತರು. "ಏಳು."

"ಕೌಂಟರ್ ಬಿಟ್ಟು ಬರಂಗಿಲ್ರಿ ಅತ್ತಿ. ಯಶೋದಾ ಇನ್ನಾ ಬಂದಿಲ್ಲ."

"ನಾ ಕುಂದರ್ತೀನಿ."

"ನನ್ನ ಸೈಜ್ ಒಣಗಿಲ್ಲ ಅನಸ್ತೈತ್ರಿ..."

ಅತ್ತೆ ಒದ್ದೆ ಮೈಯಲ್ಲೇ ನನ್ನ ಕುರ್ಚಿಯಲ್ಲಿ ಕೂತರು. ತುಸು ಮುಂದೆ ಬಾಗಿ, ದನಿ ತಗ್ಗಿಸಿ, ನನ್ನ ಹಾಗೆಯೇ ತಲೆ ವಾಲಿಸಿ ಹೇಳಿದರು: "ನಾಚಿಕಿ ಯಾಕವಾ? ಒಳಗ ಯಾರೂ ನಿನ್ನ ನೋಡಂಗಿಲ್ಲ. ಎಲ್ಲಾರಿಗೂ ಅವರವರ ಉಸಿರಿನ ಚಿಂತಿ." ನನ್ನ ಸರಕನ್ನು ನನಗೇ ಮಾರಿದರು.

ಬಟ್ಟೆ ಬದಲಿಸುವ ಕೋಣೆಗೆ ಹೋದೆ. ಜೊತೆಗೆ ಒಯ್ದದ್ದು ಮೀಡಿಯಂ. ಊರಿನವರ ಅಳತೆಯನ್ನೆಲ್ಲ ಒಂದೇ ನೋಟಕ್ಕೆ ಹೇಳುವವಳಿಗೆ ತನ್ನದು ಗೊತ್ತಿರುವುದಿಲ್ಲವೇ? ಚಡ್ಡಿ ಮೊಣಕಾಲು ದಾಟಿ ಸ್ವಲ್ಪ ದೂರ ಬಂದು, ಮುಂದೆ ಬರುವುದಿಲ್ಲವೆಂದು ನಿಂತುಬಿಟ್ಟಿತು. ಒಂಟಿ ಕಾಲಲ್ಲಿ ಕುಣಿದೆ, ಉಸಿರು ಬಿಗಿಹಿಡಿದೆ. ಕೊನೆಗೆ ಬಾಗಿಲ ಸಂದಿಯಿಂದ ಮೆಲ್ಲಗೆ "ಅತ್ತಿ, ಲಾರ್ಜ್ ಕೊಡ್ರಿ" ಎಂದೆ. ಬಾಗಿಲ ಮೇಲಿನಿಂದ ಒಂದು ಗಂಟು ಬಂದು ನನ್ನ ತಲೆಯ ಮೇಲೆ ಬಿತ್ತು. ಬಿಚ್ಚಿ ನೋಡಿದರೆ ಎಕ್ಸೆಲ್. ಅಕ್ಷರ ಓದಲು ಬಾರದ ನಮ್ಮ ಅತ್ತೆ ಅಂದಾಜಿನಿಂದ ಎತ್ತಿ ಕೊಟ್ಟದ್ದು, ನನಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಇದನ್ನು ಯಶೋದಾಳಿಗೆ ಇನ್ನೂ ಹೇಳಿಲ್ಲ.

ಅಷ್ಟರಲ್ಲಿ ಯಶೋದಾ ಚಹಾ ಮುಗಿಸಿ ಬಂದಳು, ಅತ್ತೆ ಕುರ್ಚಿ ಬಿಟ್ಟುಕೊಟ್ಟು ನನ್ನ ಕೈ ಹಿಡಿದರು. ಕೋಣೆಯಿಂದ ಕೊಳದವರೆಗಿನ ಆ ಸಣ್ಣ ದಾರಿ! ಒಂದು ಕೈಯಲ್ಲಿ ಅಂಗಿಯನ್ನು ಕೆಳಗೆ ಎಳೆದುಕೊಳ್ಳುತ್ತಾ, ಜಗತ್ತಿನ ಕಣ್ಣೆಲ್ಲ ನನ್ನ ಮೊಣಕಾಲಿನ ಮೇಲೆಯೇ ಇದೆ ಎಂದುಕೊಂಡು, ನೆಲ ನೋಡುತ್ತಾ ನಡೆದೆ. ಮೆಟ್ಟಿಲ ಹತ್ತಿರ ಮ್ಯಾನೇಜರು ಎದುರಾದರು. ಮುಗೀತು ನನ್ನ ಮರ್ಯಾದೆ ಎಂದುಕೊಂಡೆ. ಅವರು ಫೋನಿನಲ್ಲಿ ಮಾತಾಡುತ್ತಲೇ "ಅಮ್ಮಾ, ದಾರ್ಯಾಗ ನಿಲ್ಲಬ್ಯಾಡ್ರಿ, ಇಳೀರಿ" ಎಂದು ಗಿರಾಕಿಗೆ ಹೇಳಿದ ಹಾಗೆ ಹೇಳಿ ಮುಂದೆ ಹೋದರು.

ಇಳಿದೆ. ನೀರು ತಣ್ಣಗಿತ್ತು. ಅಲೆ ಬಂದು ನನ್ನನ್ನು ಎತ್ತಿ, ಅತ್ತೆಯ ಮೇಲೆ ಹಾಕಿ, ಇಬ್ಬರನ್ನೂ ಉರುಳಿಸಿತು. ಮೂಗು ಬಾಯಿಗೆಲ್ಲ ನೀರು ತುಂಬಿ, ಕೆಮ್ಮುತ್ತಾ, ಒಬ್ಬರ ಟೊಪ್ಪಿಗೆ ಒಬ್ಬರು ಸರಿಮಾಡುತ್ತಾ ನಕ್ಕೆವು. ಮದುವೆಯಾಗಿ ಬಂದ ಮೇಲೆ ಅತ್ತೆಯ ಜೊತೆ ನಾನು ಅಷ್ಟು ಸಂತೋಷವಾಗಿದ್ದ ದಿನ ಇನ್ನೊಂದಿಲ್ಲ. ನನ್ನ ಭಾಷಣ ಅಕ್ಷರಶಃ ನಿಜವಾಗಿತ್ತು: ಉಸಿರು ಬಿಟ್ಟರೆ ಬೇರೆ ಯಾವ ಚಿಂತೆಯೂ ಇರಲಿಲ್ಲ.

ಅಲೆ ನಿಂತಿತು. ಉಸಿರು ಸರಿಹೋದ ಮೇಲೆ ಸುತ್ತಲೂ ಕಣ್ಣಾಡಿಸಿದೆ. ಯಾರೊಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ. ಸೀಟಿ ಊದುವ ಕಾವಲಿನ ಹುಡುಗಿ, ಕಾಲೇಜು ಹುಡುಗಿಯರು, ಅಲ್ಲಿಯೇ ನೆಲ ಒರೆಸುತ್ತಿದ್ದ, ದಿನಾ ನನ್ನ ಜೊತೆ ಉಣ್ಣುವ ಹೆಂಗಸು, ಯಾರ ಕಣ್ಣೂ ಇತ್ತ ಇರಲಿಲ್ಲ. ಇಷ್ಟು ವರ್ಷ ನಾನು ಹೆದರಿದ್ದು ಈ ನೋಟಕ್ಕೆ. ಈಗ ಅದು ಇಲ್ಲವೆಂದು ತಿಳಿದಾಗ ಸಮಾಧಾನ ಆಗಬೇಕಿತ್ತು. ಬದಲಿಗೆ ಸ್ವಲ್ಪ ಬೇಜಾರಾಯಿತು. ಎಕ್ಸೆಲ್ ನನಗೆ ಚೆನ್ನಾಗಿಯೇ ಒಪ್ಪಿತ್ತಲ್ಲ! ಏನೋ ಮರೆತವಳ ಹಾಗೆ ಮೆಟ್ಟಿಲು ಹತ್ತಿ, ದಡದ ಮೇಲೆ ಆ ತುದಿಯಿಂದ ಈ ತುದಿಯವರೆಗೆ ಒಂದು ಸಲ ನಿಧಾನವಾಗಿ ನಡೆದು, ಮತ್ತೆ ಇಳಿದೆ.

ಆಗಲೂ ಯಾರೂ ನೋಡಲಿಲ್ಲ.