ರೈಲು ಬಿಟ್ಟ ಕಥೆ

ರೈಲಿನ ಚಿತ್ರ ತೆಗೆಯುವುದರಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲೂಕಿನಲ್ಲಿ ನನ್ನನ್ನು ಮೀರಿಸುವವರು ಇರಬಾರದು ಎಂದು ಕಳೆದ ನವೆಂಬರಿನಲ್ಲಿ ನಾನು ಪಣ ತೊಟ್ಟೆ. ಪಣ ದೊಡ್ಡದೇ, ಆದರೆ ಗೆಲ್ಲುವುದು ಅಷ್ಟೇನೂ ಕಷ್ಟವಿರಲಿಲ್ಲ. ಏಕೆಂದರೆ ಈ ಮೂರೂ ತಾಲೂಕಿನಲ್ಲಿ ರೈಲೇ ಇಲ್ಲ. ನರಸಿಂಹರಾಜಪುರಕ್ಕೆ ಅಜ್ಜಂದಿರ ಕಾಲದಲ್ಲಿ ಒಂದು ಪುಟ್ಟ ರೈಲು ಬರುತ್ತಿತ್ತಂತೆ. ಅದು ಹೋಯಿತು, ಹೋಗುವಾಗ ಹಳಿಯನ್ನೂ ಎಳೆದುಕೊಂಡು ಹೋಯಿತು.

ರೈಲಿಲ್ಲದಿದ್ದರೇನಂತೆ, ರೈಲು ಬಿಡುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಮೂರೂ ತಾಲೂಕಿನ ಹವ್ಯಾಸಿ ಛಾಯಾಗ್ರಾಹಕರು ಸೇರಿ ಒಂದು ಬಳಗ ಕಟ್ಟಿಕೊಂಡಿದ್ದೇವೆ. ಇಪ್ಪತ್ತಮೂರು ಜನ, ಎಲ್ಲರೂ ಗಂಡಸರು. ತಿಂಗಳಿಗೊಂದು ಭಾನುವಾರ, ಒಂದೊಂದು ಸಲ ಒಂದೊಂದು ಊರಿನಲ್ಲಿ ಸಭೆ. ಪ್ರತಿಯೊಬ್ಬನೂ ತನ್ನ ಒಂದು ಚಿತ್ರವನ್ನು ಪರದೆಯ ಮೇಲೆ ತೋರಿಸಿ, ‘ಚಿತ್ರದ ಹಿಂದಿನ ಕ್ಷಣ’ ಎಂದು ಐದು ನಿಮಿಷ ಮಾತಾಡಬೇಕು. ಚಿತ್ರ ತೆಗೆಯಲು ಸೆಕೆಂಡಿನ ಸಾವಿರದ ಒಂದು ಭಾಗ ಸಾಕು. ಅದರ ಹಿಂದಿನ ಕ್ಷಣಕ್ಕೆ ಐದು ನಿಮಿಷ ಯಾರಿಗೂ ಸಾಲುವುದಿಲ್ಲ, ಗಂಟೆ ಬಾರಿಸಿಯೇ ನಿಲ್ಲಿಸಬೇಕು. ಶೃಂಗೇರಿಯ ಶಶಾಂಕ ಹಕ್ಕಿ ತೆಗೆಯುವವನು. ಅವನ ಒಂದೊಂದು ಹಕ್ಕಿಯ ಹಿಂದೆಯೂ ಒಂದು ಕಾಳಿಂಗ ಸರ್ಪ, ರಕ್ತ ಹೀರುವ ಎರಡು ಡಜನ್ ಉಂಬಳ ಇದ್ದೇ ಇರುತ್ತವೆ. ಅಧ್ಯಕ್ಷರು ನರಸಿಂಹರಾಜಪುರದ ನಿವೃತ್ತ ಇಂಜಿನಿಯರ್ ಶಿವಶಂಕರಪ್ಪನವರು. ಅವರು ಸೂರ್ಯಾಸ್ತ ಬಿಟ್ಟು ಬೇರೇನನ್ನೂ ತೆಗೆಯುವುದಿಲ್ಲ. ಆವತ್ತು ತಮಗೋಸ್ಕರ ಸೂರ್ಯ ಇನ್ನೂ ಸ್ವಲ್ಪ ಹೊತ್ತು ತಡೆದು ನಿಂತ ಎಂದು ಅವರು ಹೇಳಿದರೆ ನಾವೆಲ್ಲ ತಲೆಯಾಡಿಸುತ್ತೇವೆ. ನಮ್ಮ ಸರದಿ ಬಂದಾಗ ಅವರೂ ತಲೆಯಾಡಿಸಬೇಕಲ್ಲ.

ನಾನು ಕೊಪ್ಪ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಊರಿಗೆಲ್ಲ ಕಣ್ಣು ಕಾಣುವಂತೆ ಮಾಡುವವನಿಗೆ ಕಟ್ಟಿಕೊಂಡ ಹೆಂಡತಿಯೇ ಕಾಣದೆ ಹೋದದ್ದು ಹೇಗೆ ಎಂದು ಈಗ ಹೇಳುತ್ತೇನೆ.

ಹೆಂಡತಿ ಮಾಲತಿಯ ತಂಗಿ ಅರ್ಪಣಾ ಮೈಸೂರಿನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಳು. ನಾನು ತಕ್ಷಣ, “ರೈಲಿನಲ್ಲಿ ಹೋಗೋಣ” ಅಂದೆ.

“ಎಂತಕ್ಕೆ?” ಅಂದಳು ಮಾಲತಿ. “ಕೊಪ್ಪದಲ್ಲಿ ಬಸ್ಸು ಹತ್ತಿದ್ರೆ ಮೈಸೂರಲ್ಲಿ ಇಳಿಬಹುದು. ಅದು ಬಿಟ್ಟು ತರೀಕೆರೆವರೆಗೆ ಕಾರು ಮಾಡ್ಕೊಂಡು ಹೋಗಿ ರೈಲು ಹತ್ತೋದಾ?”

“ನಿನ್ನ ಅಮ್ಮ ಇಷ್ಟು ವರ್ಷಕ್ಕೂ ಒಂದು ಸಲ ರೈಲು ಹತ್ತಿಲ್ಲ. ಪಾಪ ಅನ್ನಿಸಲ್ವಾ ನಿನಗೆ?”

ಸೀತೂರಿನಲ್ಲಿರುವ ನಮ್ಮತ್ತೆ ವೆಂಕಮ್ಮನವರಿಗೆ ಎಪ್ಪತ್ತೆಂಟು ವರ್ಷ. ಅವರ ಮೇಲೆ ನನಗೆ ಇದ್ದಕ್ಕಿದ್ದಂತೆ ಉಕ್ಕಿದ ಪ್ರೀತಿಯನ್ನು ಮಾಲತಿ ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಕೊನೆಗೆ ತಾಯಿಯ ಮುಖ ನೋಡಿ ಒಪ್ಪಿದಳು.

ಹೊರಟ ದಿನ ನಸುಕಿನಲ್ಲೇ ದೇವರಾಜನ ಬಾಡಿಗೆ ಕಾರು ನಮ್ಮನ್ನು ತರೀಕೆರೆ ನಿಲ್ದಾಣದಲ್ಲಿ ಇಳಿಸಿ ವಾಪಸು ಹೊರಟಿತು. ಪ್ಲಾಟ್‌ಫಾರಂ ಮೇಲೆ ತೆಳ್ಳಗೆ ಮಂಜು, ಅದರ ಮೇಲೆ ಆಗಷ್ಟೇ ಬಿದ್ದ ಎಳೆಬಿಸಿಲು. ನನ್ನ ಕೈ ತುರಿಸತೊಡಗಿತು. ಆ ಹೊತ್ತಿಗೆ ನನ್ನ ಹತ್ತಿರ ಏನೇನಿತ್ತು ಎಂದು ತಿಳಿದಿರಲಿ. ಮೂವರ ಟಿಕೇಟೂ ನನ್ನ ಫೋನಿನಲ್ಲಿತ್ತು. ಮಾಲತಿಯ ಫೋನು ಚಾರ್ಜಿಗೆಂದು ನನ್ನ ಕ್ಯಾಮೆರಾ ಚೀಲದಲ್ಲಿತ್ತು. ಸ್ಕ್ರೂ ಸಡಿಲವಾದ ಅತ್ತೆಯ ಕನ್ನಡಕ, ರೈಲಿನಲ್ಲಿ ಕೂತು ಬಿಗಿ ಮಾಡಿಕೊಡುತ್ತೇನೆಂದು ತೆಗೆದುಕೊಂಡದ್ದು, ನನ್ನ ಕಿಸೆಯಲ್ಲಿತ್ತು. ಮನೆಯ ಯಜಮಾನ ಅಂದ ಮೇಲೆ ಎಲ್ಲವೂ ಅವನ ಹತ್ತಿರವೇ ಇರಬೇಕು.

ರೈಲು ಬಂತು. ನಿಲ್ಲುವುದು ಎರಡೇ ನಿಮಿಷ. ಅತ್ತೆಯನ್ನು ಹತ್ತಿಸಿದೆ, ಚೀಲಗಳನ್ನು ಹತ್ತಿಸಿದೆ, ಮಾಲತಿ ಹತ್ತಿದಳು.

“ಹತ್ತಿ” ಅಂದಳು.

“ತಡಿ, ಇಂಜಿನ್ನಿನ ಮೇಲೆ ಎಂಥಾ ಬಿಸಿಲು ಬಿದ್ದಿದೆ ನೋಡು.”

“ಬಿಸಿಲು ಮೈಸೂರಲ್ಲೂ ಬೀಳತ್ತೆ. ಹತ್ತಿ ಮಾರಾಯ್ರೆ.”

ಕೊನೆಯ ಮಾತು ಕೇಳಿಸುವ ಹೊತ್ತಿಗೆ ನಾನು ಪ್ಲಾಟ್‌ಫಾರಮ್ಮಿನ ಆ ತುದಿ ಮುಟ್ಟಿದ್ದೆ. ಮಂಡಿಯೂರಿ ಕೂತೆ. ಇಂಜಿನ್ನು ಕೂಗಿ ಹೊರಟಿತು. ಮುಂದೆ ಹಳಿ ಎಡಕ್ಕೆ ಬಾಗಿದೆ. ಮಂಜನ್ನು ಸೀಳಿಕೊಂಡು ಇಡೀ ರೈಲು ಬಿಲ್ಲಿನಂತೆ ಬಾಗಿ ನನ್ನ ಚೌಕಟ್ಟಿನೊಳಗೆ ಬಂದು ಕೂತಿತು. ಒಟ್ಟು ನಲವತ್ತೆರಡು ಚಿತ್ರ ತೆಗೆದೆ. ಕೊನೆಯ ಬೋಗಿ ಮರೆಯಾದ ಮೇಲೆ ಕ್ಯಾಮೆರಾ ಇಳಿಸಿ, ಜನ್ಮ ಸಾರ್ಥಕವಾಯಿತೆಂದು ಉಸಿರು ಬಿಟ್ಟು, ಮಾಲತಿಗೆ ತೋರಿಸೋಣವೆಂದು ಹಿಂದಕ್ಕೆ ತಿರುಗಿದೆ.

ಮಾಲತಿ ರೈಲಿನಲ್ಲಿದ್ದಳು. ನಾನೂ ಅಲ್ಲೇ ಇರಬೇಕಿತ್ತು. ಫೋಕಸ್ಸಿನಲ್ಲಿದ್ದದ್ದು ರೈಲು, ಔಟ್ ಆಫ್ ಫೋಕಸ್ ಆದದ್ದು ಸಂಸಾರ.

ಅವಳಿಗೆ ಫೋನ್ ಮಾಡಿದೆ. ನನ್ನ ಚೀಲವೇ ಹಾಡತೊಡಗಿತು. ಕೊನೆಗೆ ದೇವರಾಜನಿಗೆ ಮಾಡಿದೆ. ಅವನು ಲಿಂಗದಹಳ್ಳಿಯ ದಾರಿಯಲ್ಲಿ ಚಾ ಕುಡಿಯುತ್ತಿದ್ದ.

“ಎಂತ ಮರೆತ್ರಿ ರಘಣ್ಣ?”

“ರೈಲು ತಪ್ಪಿತು ಮಾರಾಯ.”

“ಅಕ್ಕೋರೆಲ್ಲಿ, ಅಜ್ಜಿ ಎಲ್ಲಿ?”

“ರೈಲಿನಲ್ಲಿದ್ದಾರೆ.”

ಅವನು ಚಾ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. “ಹಂಗಾರೆ ಅವರು ನಿಮ್ಮನ್ನ ಮರೆತು ಹೋದದ್ದು ಅನ್ನಿ” ಅಂದು ಕಾರು ತಿರುಗಿಸಿಕೊಂಡು ಬಂದ.

ಅಲ್ಲಿಂದ ಶುರುವಾಯಿತು ನಮ್ಮ ದಂಡಯಾತ್ರೆ. ಬೀರೂರು ಮುಟ್ಟಿದಾಗ ರೈಲು ಆಗಷ್ಟೇ ಹೊರಟಿತ್ತು. ಸೇತುವೆಯ ಮೇಲಿಂದ ಅದರ ಬೆನ್ನು ಕಂಡಿತು. ಬೆಳಕೂ ಚೆನ್ನಾಗಿತ್ತು. ನನಗೇ ಗೊತ್ತಿಲ್ಲದೆ ಕ್ಯಾಮೆರಾ ಎತ್ತಿದೆ. ದೇವರಾಜ ತಿರುಗಿ ನನ್ನನ್ನು ನೋಡಿದ. ಇಳಿಸಿದೆ. ಕಡೂರಿನಲ್ಲಿ ಗೇಟು ಹಾಕಿತ್ತು. ಗೇಟಿನಾಚೆ ಅದೇ ರೈಲು ಗಡಗಡನೆ ಹಾದುಹೋಯಿತು. ಆ ವೇಗದಲ್ಲಿ ನಮ್ಮ ಸಂಸಾರದ ಬೋಗಿ ಯಾವುದೆಂದು ಗೊತ್ತಾಗದೆ ನಾನು ಎಲ್ಲ ಬೋಗಿಗೂ ಕೈ ಬೀಸಿದೆ. ಮಕ್ಕಳು ಕೆಲವರು ತಿರುಗಿ ಬೀಸಿದರು.

ಅರಸೀಕೆರೆಯಲ್ಲಿ ಅಂತೂ ಸಿಕ್ಕಿತು. ಓಡಿಹೋಗಿ ಹತ್ತಿ, ನಾಲ್ಕು ಬೋಗಿ ದಾಟಿ, ನಮ್ಮ ಸೀಟಿನ ಹತ್ತಿರ ಬಂದರೆ ಅಲ್ಲೊಂದು ಸುಂದರ ದೃಶ್ಯ. ನನ್ನ ಜಾಗದಲ್ಲಿ ಬೇರೆ ಯಾರೋ ಮೀಸೆಯವರು ಕೂತಿದ್ದಾರೆ. ಅವರ ತೊಡೆಯ ಮೇಲೆ ಬಾಳೆಲೆ, ಎಲೆಯ ಮೇಲೆ ನಮ್ಮ ಮನೆಯ ಕೊಟ್ಟೆ ಕಡುಬು. ಅತ್ತೆ ಮುಂದಕ್ಕೆ ಬಾಗಿ, “ಇನ್ನೊಂದು ತಿನ್ನಿ, ನಾಚಿಕೆ ಮಾಡ್ಕಳ್ಬೇಡಿ” ಎನ್ನುತ್ತಿದ್ದಾರೆ.

“ಇವರು ಯಾರು?” ಎಂದು ಮಾಲತಿಯನ್ನು ಕೇಳಿದೆ.

“ಹೊಸದುರ್ಗದವರಂತೆ. ಕನ್ನಡಕ ಇಲ್ಲದೆ ಅಮ್ಮನಿಗೆ ಎಂತ ಕಾಣತ್ತೆ? ಇವರೇ ನೀವು ಅಂದ್ಕೊಂಡು ಬೀರೂರಿಂದ ಬಡಿಸ್ತಿದಾರೆ.”

“ನೀನು ಹೇಳಬಾರದಿತ್ತಾ?”

“ಹೇಳಿದ್ರೆ ಅಳಿಯ ಎಲ್ಲಿ ಅಂತ ಕೇಳ್ತಾರೆ. ಆಗ ಎಂತ ಹೇಳ್ಲಿ?”

ನನ್ನ ದನಿ ಕೇಳಿ ಅತ್ತೆ ಗಾಬರಿಯಾದರು. ಕಿಸೆಯಿಂದ ಕನ್ನಡಕ ತೆಗೆದು ಕೊಟ್ಟೆ. ಹಾಕಿಕೊಂಡು ಮೀಸೆಯವರನ್ನು ನೋಡಿದರು, ನನ್ನನ್ನು ನೋಡಿದರು. “ಅದಕ್ಕೇ ಅಂದ್ಕಂಡೆ, ಇವತ್ತು ಅಳಿಯಂದಿರು ಹೇಳಿದ ಮಾತು ಕೇಳ್ತಿದಾರಲ್ಲ ಅಂತ” ಎಂದರು.

ಸೀಟು ಬಿಡುವಂತೆ ಮೀಸೆಯವರಿಗೆ ಹೇಳಲು ಬಾಯಿ ತೆರೆದೆ. ಮಾಲತಿ ತಡೆದಳು. “ಟಿ.ಟಿ. ಬಂದಿದ್ರು. ಪಟ್ಟಿ ನೋಡಿ ರಘುಪತಿ ಎಲ್ಲಿ ಅಂತ ಕೇಳಿದ್ರು. ತರೀಕೆರೆಯಲ್ಲಿ ನಿಂತು ಇದೇ ರೈಲಿನ ಫೋಟೊ ತೆಗೀತಿದಾರೆ ಅಂತ ಅಮ್ಮನಿಗೆ ಕೇಳದ ಹಾಗೆ ಹೇಳಿದೆ. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಇಂಥದ್ದು ಕೇಳಿಲ್ಲ ಅಂತ ಹೇಳಿ, ಸೀಟನ್ನ ಇವರಿಗೆ ಕೊಟ್ರು.”

ಹಾಸನದವರೆಗೆ ನಿಂತೇ ಹೋದೆ.

ಇಷ್ಟಕ್ಕೆ ಮುಗಿದಿದ್ದರೆ ಮನೆಯ ಮರ್ಯಾದೆ ಮನೆಯಲ್ಲೇ ಉಳಿಯುತ್ತಿತ್ತು. ಊರಿಗೆ ಬಂದು ನಲವತ್ತೆರಡು ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದರೆ ಅದರಲ್ಲಿ ಒಂದು ಅದ್ಭುತವಾಗಿತ್ತು. ಮಂಜು, ಬಾಗಿದ ರೈಲು, ಹೊನ್ನಿನ ಬಿಸಿಲು, ಮೂರನೆಯ ಬೋಗಿಯ ಕಿಟಕಿಯಿಂದ ಹೊರಗೆ ಚಾಚಿದ ಒಂದು ಹೆಣ್ಣಿನ ಕೈ. ನೋಡಿದರೆ ಎದೆ ಕಲಕಬೇಕು. ನನಗೂ ಕಲಕಿತು, ಬೇರೆ ಕಾರಣಕ್ಕೆ. ‘ವಿದಾಯ’ ಎಂದು ಹೆಸರಿಟ್ಟೆ.

ಕೊಪ್ಪದ ಸಭೆಯಲ್ಲಿ ಆ ಚಿತ್ರ ಪರದೆಯ ಮೇಲೆ ಮೂಡಿದಾಗ ಎಲ್ಲರೂ ಕುರ್ಚಿಯ ತುದಿಗೆ ಬಂದರು. ಆಗ ನಾನು ರೈಲು ಬಿಟ್ಟೆ. ಕೊರೆಯುವ ಚಳಿಯಲ್ಲಿ ಮೂರು ಗಂಟೆ ಒಬ್ಬನೇ ಕಾದೆ ಎಂದೆ. ಆಕೆ ಯಾರೋ, ಎಲ್ಲಿಗೆ ಹೊರಟವಳೋ ನನಗೆ ಗೊತ್ತಿಲ್ಲ ಎಂದೆ. ಪ್ಲಾಟ್‌ಫಾರಮ್ಮಿನಲ್ಲಿ ಯಾರನ್ನೋ ಬಿಟ್ಟು ಹೋಗುತ್ತಿದ್ದಳು, ಆ ಪುಣ್ಯಾತ್ಮನ ಮುಖ ನನಗೆ ಕಾಣಲಿಲ್ಲ ಎಂದೆ. ಈ ಒಂದು ಮಾತು ಮಾತ್ರ ನಿಜ, ಹತ್ತಿರದಲ್ಲಿ ಕನ್ನಡಿ ಇರಲಿಲ್ಲ. ಶಿವಶಂಕರಪ್ಪನವರು ಕಣ್ಣೊರೆಸಿಕೊಂಡರು. ಆ ವರ್ಷದ ಪ್ರದರ್ಶನಕ್ಕೆ ಇದೇ ಮುಖ್ಯ ಚಿತ್ರ ಎಂದು ಅಲ್ಲೇ ತೀರ್ಮಾನವಾಯಿತು. ಶಶಾಂಕನ ಮುಖ ಇಷ್ಟೇ ಇಷ್ಟಾದದ್ದನ್ನು ಕಣ್ತುಂಬ ನೋಡಿಕೊಂಡೆ.

ಪ್ರದರ್ಶನ ಶೃಂಗೇರಿಯಲ್ಲಿ. ಮನೆಯಲ್ಲಿ, “ಅಂಗಡಿಗೆ ಲೆನ್ಸು ತರಲು ಹೋಗುತ್ತೇನೆ” ಎಂದು ಹೇಳಿ ಹೋದೆ. ‘ವಿದಾಯ’ವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ಎದುರು ಗೋಡೆಗೆ ಹಾಕಿದ್ದರು. ಪಕ್ಕದಲ್ಲಿ ನನ್ನ ಭಾಷಣವನ್ನೇ ಬರೆದು ಅಂಟಿಸಿದ್ದರು. ನಾನು ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದೆ. ಹನ್ನೊಂದರ ಸುಮಾರಿಗೆ ಬಾಗಿಲಲ್ಲಿ ಎರಡು ಪರಿಚಿತ ಮುಖ ಕಂಡವು. ಅಂದು ಶುಕ್ರವಾರವೆಂದು ಮಾಲತಿ ತಾಯಿಯನ್ನು ಶಾರದಾಂಬೆಯ ದರ್ಶನಕ್ಕೆ ಕರೆತಂದಿದ್ದಳು. ಊಟಕ್ಕೆ ಇನ್ನೂ ಹೊತ್ತಿದೆಯಲ್ಲ ಎಂದು ಇಬ್ಬರೂ ಫೋಟೊ ನೋಡಲು ಒಳಗೆ ಬಂದಿದ್ದರು.

ಅತ್ತೆಯ ಕನ್ನಡಕಕ್ಕೆ ಹೊಸ ಸ್ಕ್ರೂ ಹಾಕಿಕೊಟ್ಟವನು ನಾನೇ. ಅವರು ನೆಟ್ಟಗೆ ದೊಡ್ಡ ಚಿತ್ರದ ಎದುರು ಹೋಗಿ ನಿಂತರು. ದೊಡ್ಡದು ಮಾಡಿದ್ದರಿಂದ ಆ ಕೈಯಲ್ಲಿದ್ದ ಬಳೆಯ ಮೇಲಿನ ಮಾವಿನಕಾಯಿ ಕೆತ್ತನೆಯೂ ಕಾಣುತ್ತಿತ್ತು.

“ಯೇ ಕೂಸೆ, ಇದು ನಿನ್ನ ಬಳೆ ಅಲ್ದ?” ಎಂದರು, ಇಡೀ ಹಾಲಿಗೆ ಕೇಳುವಂತೆ. “ಮದುವೆಯಲ್ಲಿ ನಾ ಮಾಡ್ಸಿದ್ದು.”

ಮಾಲತಿ ಚಿತ್ರ ನೋಡಲಿಲ್ಲ. ಪಕ್ಕದ ಬರಹವನ್ನು ಓದುತ್ತಿದ್ದಳು. ಆಮೇಲೆ ಅದರ ಒಂದು ಸಾಲನ್ನು ಗಟ್ಟಿಯಾಗಿ ಓದಿದಳು. “ಆಕೆ ಯಾರೋ ನನಗೆ ಗೊತ್ತಿಲ್ಲ.” ನಂತರ ನನ್ನ ಕಡೆ ತಿರುಗಿ, “ಇಪ್ಪತ್ತೆರಡು ವರ್ಷ ಆಯ್ತು. ಈಗಲಾದ್ರೂ ಪರಿಚಯ ಮಾಡ್ಕಳನಾ?” ಎಂದು ಕೇಳಿದಳು.

ಸುತ್ತ ಜನ ಸೇರಿದರು. ವಿಷಯವೇನೆಂದು ಶಿವಶಂಕರಪ್ಪನವರು ವಿಚಾರಿಸಿದರು. ತಿಳಿದ ಮೇಲೆ ಕೋಪಿಸಿಕೊಂಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಮೈಕನ್ನು ಮಾಲತಿಯ ಕೈಗೆ ಕೊಟ್ಟು, “ಹಿಂದಿನ ಕ್ಷಣ ನೀವೇ ಹೇಳಿ ತಾಯಿ” ಎಂದರು. ಅವಳು ಹೇಳಿದಳು. ಕಾರು, ಕಡುಬು, ಮೀಸೆ, ಟಿ.ಟಿ., ಯಾವುದನ್ನೂ ಬಿಡಲಿಲ್ಲ. ಹದಿನೇಳು ನಿಮಿಷ. ಯಾರೂ ಗಂಟೆ ಬಾರಿಸಲಿಲ್ಲ. ನಕ್ಕು ನಕ್ಕು ಶಶಾಂಕ ನೆಲದ ಮೇಲೆ ಕೂತುಬಿಟ್ಟ. ಆ ಹುರುಪಿನಲ್ಲಿ ಶಿವಶಂಕರಪ್ಪನವರು, ಇನ್ನು ಮುಂದೆ ಚಿತ್ರದ ಹಿಂದಿನ ಕ್ಷಣವನ್ನು ಮನೆಯವರೇ ಬಂದು ಹೇಳಬೇಕು ಎಂದು ಘೋಷಿಸಿಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟಿದ ಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು.

ಮರು ತಿಂಗಳ ಸಭೆ ನರಸಿಂಹರಾಜಪುರದಲ್ಲಿ. ಅಂದು ಬೆಳಿಗ್ಗೆ ಬಳಗದ ಉಳಿದ ಇಪ್ಪತ್ತೆರಡು ಸದಸ್ಯರಿಗೂ ಒಟ್ಟಿಗೆ ಜ್ವರ ಬಂತು. ಅಧ್ಯಕ್ಷರಿಗೆ ಜ್ವರದ ಜೊತೆ ಸೊಂಟನೋವು. ಆದರೆ ಎಲ್ಲರ ಹೆಂಡತಿಯರೂ ಬಂದರು. ಹಾಲು ಮೊದಲ ಸಲ ತುಂಬಿತು. ಶಶಾಂಕನ ಹೆಂಡತಿ ಶ್ರೀವಾಣಿ ಎದ್ದು, “ಈ ಹಕ್ಕಿ ನಮ್ಮ ಬಚ್ಚಲಮನೆ ಕಿಟಕಿಯಿಂದ ತೆಗೆದದ್ದು. ಆಗ ಇವರ ಮೈಮೇಲೆ ಇದ್ದದ್ದು ಸೋಪಿನ ನೊರೆ ಮಾತ್ರ” ಎಂದು ಶುರು ಮಾಡಿದರು. ಅಧ್ಯಕ್ಷರ ಮನೆಯವರು, “ಇದು ಸೂರ್ಯಾಸ್ತ ಅಲ್ಲ, ಸೂರ್ಯೋದಯ. ನಮ್ಮನೆಯವರಿಗೆ ದಿಕ್ಕು ಗೊತ್ತಾಗಲ್ಲ” ಎಂದರು.

ಅಲ್ಲಿದ್ದ ಒಬ್ಬನೇ ಗಂಡಸು ನಾನು. ಮೂಲೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಚಿತ್ರ ಬದಲಾಯಿಸುವ ಕೆಲಸ ನನ್ನದು. ಕಾರ್ಯಕ್ರಮ ಮುಗಿದು ಕಷಾಯ ಕೊಡುವಾಗ, ಕಡಹಿನಬೈಲಿನಿಂದ ಬಂದಿದ್ದ ಒಬ್ಬರು ಹಿರಿಯ ಮಹಿಳೆ ನನ್ನತ್ತ ಕೈ ತೋರಿಸಿ ಮಾಲತಿಯನ್ನು ಕೇಳಿದರು. “ಎಲ್ಲರ ಮನೆಯಲ್ಲೂ ಗಂಡಸರು ತಪ್ಪಿಸ್ಕೊಂಡಿದಾರೆ. ಇವರನ್ನ ನೀವು ಹ್ಯಾಗೆ ಕರ್ಕೊಂಡು ಬಂದ್ರಿ?”

“ಸುಲಭ” ಅಂದಳು ಮಾಲತಿ. “ಮೊದಲು ಅವರನ್ನ ಬಸ್ಸು ಹತ್ತಿಸಿದೆ. ಅವರು ಕೂತದ್ದು ನೋಡ್ಕೊಂಡು ಆಮೇಲೆ ನಾನು ಹತ್ತಿದೆ.”